ಡಂಗುರ ಯಾರ ಬೀದಿಯಲ್ಲಿ?

ನಾನು ಹುಡುಗನಾಗಿದ್ದಾಗ ಕಂದಾಯದ ಗಡುವಾಗಲಿ, ದೇವಿ ಹಾಕುವವರು ಬರುವ ದಿನವಾಗಲಿ ನಮ್ಮೂರಿಗೆ ತಿಳಿಯುತ್ತಿದ್ದುದು ತಳವಾರನ ತಮಟೆಯಿಂದ. ಚಾವಡಿಯ ಮುಂದೆ ಒಮ್ಮೆ, ಬಾವಿಕಟ್ಟೆಯ ಬಳಿ ಒಮ್ಮೆ, ಕೇರಿ ಕೇರಿಗೂ ಒಮ್ಮೆ ನಿಂತು ಅವನು ಸಾರುತ್ತಿದ್ದ. ಕೇಳುವವನು ತನ್ನ ಹೆಸರು, ಹುಟ್ಟಿದ ದಿನ ಒಪ್ಪಿಸಬೇಕಾಗಿರಲಿಲ್ಲ; ಕಿವಿಯೊಂದಿದ್ದರೆ ಸಾಕಾಗಿತ್ತು.

ಹೋದ ಬೇಸಿಗೆಯಲ್ಲಿ ಆ ತಮಟೆ ಮತ್ತೆ ನೆನಪಾಯಿತು. ನಮ್ಮ ಬಡಾವಣೆಗೆ ಮೂರು ದಿನ ನೀರಿಲ್ಲ. ಕಚೇರಿಗೆ ಫೋನ್ ಮಾಡಿದರೆ, “ಪ್ರಕಟಣೆ ಹಾಕಿದ್ದೆವಲ್ಲ, ನೋಡಲಿಲ್ಲವೆ?” ಎಂದರು. ಹಾಕಿದ್ದು ಪರದೇಶದ ಕಂಪೆನಿಯೊಂದರ ಜಾಲತಾಣದಲ್ಲಿ. ನೋಡಹೋದರೆ, ಮೊದಲು ಸದಸ್ಯನಾಗು, ಮೊಬೈಲ್ ನಂಬರು ಕೊಡು ಎಂದು ಅಡ್ಡಗಟ್ಟೆ. ನಮ್ಮೂರ ನೀರಿನ ಸುದ್ದಿಗೆ ನಾನು ಇನ್ನಾರದೋ ಮನೆಯ ದಫ್ತರದಲ್ಲಿ ರುಜು ಹಾಕಬೇಕೆ? ಹಾಕಲಿಲ್ಲ. ಎದುರು ಮನೆಯವರು ಹಂಡೆ, ಕೊಳಗ ಎಲ್ಲ ತುಂಬಿಸಿಟ್ಟುಕೊಂಡಿದ್ದರು. ನಮ್ಮ ಮನೆಯಲ್ಲಿ ಮಾನಧನ ಮಾತ್ರ ತುಂಬಿತ್ತು.

ಇತಿಹಾಸ ಪಾಠ ಮಾಡಿದವನಿಗೆ ಒಂದು ಚಟ: ತನ್ನ ಪೇಚಾಟಕ್ಕೆ ಪೂರ್ವಚರಿತ್ರೆ ಹುಡುಕುವುದು. ಬಹಳ ದೂರ ಹೋಗಬೇಕಾಗಲಿಲ್ಲ. 2021ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ಸರಕಾರಕ್ಕೂ ಫೇಸ್‌ಬುಕ್ಕಿಗೂ ಜಟಾಪಟಿ ನಡೆದಿತ್ತು. ಸುದ್ದಿಗಾಗಿ ಪತ್ರಿಕೆಗಳಿಗೆ ಹಣ ತೆರಬೇಕೆಂಬ ಕಾಯಿದೆಯೇ ಕಾರಣ. 18ನೆಯ ತಾರೀಖು ಕಂಪೆನಿ ಆ ದೇಶದಲ್ಲಿ ಸುದ್ದಿಗೇ ಬಾಗಿಲು ಹಾಕಿತು. ಹಾಕಿದ ಭರದಲ್ಲಿ ಹವಾಮಾನ ಕಚೇರಿ, ಕ್ವೀನ್ಸ್‌ಲ್ಯಾಂಡಿನ ಆರೋಗ್ಯ ಇಲಾಖೆ, ಪಶ್ಚಿಮ ಆಸ್ಟ್ರೇಲಿಯಾದ ಅಗ್ನಿಶಾಮಕ ಇಲಾಖೆ ಇವುಗಳ ಪುಟಗಳೂ ಬರಿದಾದುವು. ಅಲ್ಲಿ ಆಗ ಕಾಳ್ಗಿಚ್ಚಿನ ಕಾಲ. ಕೊರೊನಾ ಲಸಿಕೆ ಆರಂಭವಾಗಲು ಒಂದು ವಾರವೂ ಉಳಿದಿರಲಿಲ್ಲ. ಅಚಾತುರ್ಯವಾಯಿತೆಂದು ಕಂಪೆನಿ ಆ ಪುಟಗಳನ್ನು ಬೇಗನೆ ತೆರೆಯಿತು, ನಿಜ. ಆದರೆ ತಮಟೆ ಬಡಿಯುವ ಕೋಲು ಯಾರ ಕೈಯಲ್ಲಿದೆ ಎಂಬುದು ಆ ದಿನ ಊರಿಗೆಲ್ಲ ಗೊತ್ತಾಯಿತು.

ಎರಡು ವರ್ಷ ಕಳೆದ ಮೇಲೆ ನ್ಯೂಯಾರ್ಕಿನ ಸರದಿ. 2022ರ ಅಕ್ಟೋಬರಿನಲ್ಲಿ ಟ್ವಿಟರ್ ಈಲಾನ್ ಮಸ್ಕರ ಪಾಲಾಗಿತ್ತು. ಯಂತ್ರದ ಮೂಲಕ ಪ್ರಕಟಣೆ ಕಳಿಸುವವರು ಇನ್ನು ಹಣ ತೆರಬೇಕೆಂದು ಹೊಸ ಯಜಮಾನರ ಕಟ್ಟಳೆ. ಯಾವ ರೈಲು ತಡ, ಯಾವುದು ರದ್ದು ಎಂದು ಕ್ಷಣಕ್ಷಣಕ್ಕೂ ಸಾರುತ್ತಿದ್ದ ಅಲ್ಲಿನ ಸಾರಿಗೆ ಸಂಸ್ಥೆ 2023ರ ಏಪ್ರಿಲ್ 27ರಂದು ಆ ಕೆಲಸ ನಿಲ್ಲಿಸಿತು. ಸಾರ್ವಜನಿಕ ಸೇವೆಗಳಿಗೆ ವಿನಾಯಿತಿಯೆಂದು ಕಂಪೆನಿ ಕೆಲವೇ ದಿನಗಳಲ್ಲಿ ಮಣಿದಾಗ ಮತ್ತೆ ಶುರುವಾಯಿತು. ಅದೇ ವರ್ಷ ಜೂನ್ ಕೊನೆಗೆ ಸದಸ್ಯರಲ್ಲದವರಿಗೆ ಟ್ವಿಟರ್ ಕದವನ್ನೇ ಮುಚ್ಚಿತು. ಕೊಟ್ಟದ್ದೂ ಅವರ ಇಷ್ಟ, ಕಸಿದದ್ದೂ ಅವರ ಇಷ್ಟ.

ಹಾಗಾದರೆ ಬೇರೆ ದಾರಿಯಿಲ್ಲವೆ? ಇದೆ, ಮತ್ತು ಅದು ಹಳೆಯದು. 1874ರಲ್ಲಿ 22 ದೇಶಗಳ ಪ್ರತಿನಿಧಿಗಳು ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಕಲೆತು ಅಂಚೆಯ ಒಪ್ಪಂದವೊಂದಕ್ಕೆ ಬಂದರು. ಯಾರೂ ತಮ್ಮ ಅಂಚೆಕಚೇರಿಯನ್ನು ಬಿಟ್ಟುಕೊಡಲಿಲ್ಲ; ಪರಸ್ಪರರ ಕಾಗದವನ್ನು ತಲಪಿಸುವ ನಿಯಮಕ್ಕೆ ಮಾತ್ರ ಒಪ್ಪಿದರು. ಸ್ಟಾಂಪಿನ ದುಡ್ಡು ಕಾಗದ ಹೊರಟ ದೇಶಕ್ಕೇ. 1876ರಲ್ಲಿ ಭಾರತವೂ ಸೇರಿತು. ಇಂದು ಕೋಲಾರದಲ್ಲಿ ಡಬ್ಬಿಗೆ ಹಾಕಿದ ಕಾಗದ ಕೋಪನ್‌ಹೇಗನ್ನಿಗೆ ಮುಟ್ಟುವುದು ಒಬ್ಬ ಸಾಹುಕಾರನ ದಯೆಯಿಂದಲ್ಲ.

ಜಾಲತಾಣಗಳನ್ನೂ ಈ ರೀತಿ ಕಟ್ಟಬಹುದೆಂದು ಹೊರಟವರಿದ್ದರು. 2008ರಲ್ಲಿ ಕೆನಡಾದ ಮಾಂಟ್ರಿಯಲಿನ ಇವಾನ್ ಪ್ರೊಡ್ರೊಮೊ ಐಡೆಂಟಿಕಾ ಎಂಬುದನ್ನು ತೆರೆದರು. 2016ರಲ್ಲಿ ಜರ್ಮನಿಯ ತರುಣ ಓಯ್ಗನ್ ರೋಖ್ಕೊ ಮ್ಯಾಸ್ಟೊಡಾನ್ ಎಂಬ ತಂತ್ರಾಂಶವನ್ನು ಬರೆದು, ಯಾರು ಬೇಕಾದರೂ ಬಳಸಲಿ ಎಂದು ಲೋಕಕ್ಕೆ ಬಿಟ್ಟರು. ಇಂಥ ತಾಣಗಳು ಒಂದಕ್ಕೊಂದು ಮಾತಾಡುವ ಆಕ್ಟಿವಿಟಿಪಬ್ ಎಂಬ ನಿಯಮಾವಳಿಗೆ 2018ರ ಜನವರಿಯಲ್ಲಿ ಜಾಲಲೋಕದ ಮಾನಕ ಸಂಸ್ಥೆಯ ಮುದ್ರೆ ಬಿತ್ತು. ಕಚೇರಿಯೊಂದು ತನ್ನದೇ ಸರ್ವರ್ ಇಟ್ಟುಕೊಳ್ಳಬಹುದು; ಬೇರೆ ಸರ್ವರಿನಲ್ಲಿರುವವರು ಅಲ್ಲಿಂದಲೇ ಅದರ ಪ್ರಕಟಣೆಗಳನ್ನು ತರಿಸಿಕೊಳ್ಳಬಹುದು. ಒಂದು ಸರ್ವರ್ ಬೇಸರವಾದರೆ ಹಿಂಬಾಲಕರ ಸಮೇತ ಇನ್ನೊಂದಕ್ಕೆ ಗುಳೆ ಹೋಗಬಹುದು. ಹಳೆಯ ಬರಹಗಳು ಜೊತೆಗೆ ಬರುವುದಿಲ್ಲ, ಅದೊಂದು ಕೊರತೆ.

ಸರಕಾರಗಳ ಪೈಕಿ ಜರ್ಮನಿ ಬೇಗ ಎಚ್ಚೆತ್ತಿತು. ನಾಗರಿಕರ ಖಾಸಗಿ ಮಾಹಿತಿಯನ್ನು ಕಾಯುವ ಅಲ್ಲಿನ ಅಧಿಕಾರಿ 2020ರಿಂದಲೇ ಸರಕಾರಿ ಕಚೇರಿಗಳಿಗಾಗಿ ಒಂದು ಮ್ಯಾಸ್ಟೊಡಾನ್ ಸರ್ವರ್ ನಡೆಸಿದರು. 2023ರ ಜುಲೈಯಲ್ಲಿ ನೆದರ್ಲೆಂಡ್ಸ್ ತನ್ನದನ್ನು ತೆರೆಯಿತು. ಇವೆರಡರ ನಡುವೆ, 2022ರ ಏಪ್ರಿಲಿನಲ್ಲಿ, ಐರೋಪ್ಯ ಒಕ್ಕೂಟದ ಸಂಸ್ಥೆಗಳಿಗೆಲ್ಲ ಒಂದು ಮನೆ ತೆರೆದಿತ್ತು. ಅದರ ಕತೆಯನ್ನು ಮುಚ್ಚಿಡಬಾರದು. ಪ್ರಯೋಗ ಎರಡು ವರ್ಷ ಚೆನ್ನಾಗಿಯೇ ನಡೆಯಿತು. ವಹಿಸಿಕೊಳ್ಳಲು ಬೇರೆ ಸಂಸ್ಥೆ ಯಾವುದೂ ಮುಂದೆ ಬಾರದೆ 2024ರ ಮೇ ತಿಂಗಳಲ್ಲಿ ಮುಚ್ಚಿತು. ಐರೋಪ್ಯ ಆಯೋಗ ಆಮೇಲೆ ತನ್ನದೇ ಬೇರೆ ಸರ್ವರ್ ಹೂಡಿಕೊಂಡಿತೆನ್ನಿ. ನಮ್ಮ ಕಡೆ ಕೆರೆ ಕಟ್ಟಿಸಿದವರ ಹೆಸರಿನ ಶಾಸನಗಳು ಬೇಕಾದಷ್ಟಿವೆ, ಹೂಳೆತ್ತಿಸಿದವರವು ಅಷ್ಟಿಲ್ಲ. ಯೂರೋಪಿನಲ್ಲೂ ಇದೇ ಪಾಡು!

“ಪರದೇಶದವರ ತಾಣ ಬೇಡ, ನಮ್ಮದೇ ಆಗಲಿ” ಎನ್ನುವವರಿದ್ದಾರೆ. ಅದನ್ನೂ ಕಂಡೆವು. 2020ರಲ್ಲಿ ಬೆಂಗಳೂರಿನಲ್ಲಿ ಕೂ ಎಂಬ ತಾಣ ಹುಟ್ಟಿತು, ಮೊದಲು ನುಡಿದದ್ದೇ ಕನ್ನಡ. ನಮಗೆಲ್ಲ ಹೆಮ್ಮೆ. 2021ರಲ್ಲಿ ಟ್ವಿಟರಿನೊಡನೆ ಕೇಂದ್ರ ಸರಕಾರದ ಮನಸ್ತಾಪ ಬೆಳೆದಾಗ ಸಚಿವರೂ ಇಲಾಖೆಗಳೂ ಅತ್ತ ನಡೆದರು. 2024ರ ಜುಲೈಯಲ್ಲಿ, ಖರ್ಚು ತೂಗಿಸಲಾರದೆ, ಕೊಳ್ಳುವವರೂ ಒದಗದೆ, ಅದರ ಕದ ಮುಚ್ಚಿತು. ಸಂಸ್ಥಾಪಕರನ್ನು ನಾನು ದೂರುವುದಿಲ್ಲ. ವ್ಯಾಪಾರ ಎಂದ ಮೇಲೆ ದಿವಾಳಿಯೂ ಉಂಟು. ಆದರೆ ಬಾಡಿಗೆ ಮನೆ ಪರಊರಿನವನದಾದರೇನು, ನೆಂಟನದಾದರೇನು? ಒಕ್ಕಲೆದ್ದವರ ಗಂಟುಮೂಟೆ ಬೀದಿಯಲ್ಲೇ.

ಈ ವಿಷಯಗಳನ್ನೆಲ್ಲ ಒಂದು ಅರ್ಜಿಯಾಗಿ ಬರೆದುಕೊಂಡು ನೀರಿನ ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತ ಸಭ್ಯ ಹುಡುಗ, ಕುರ್ಚಿ ಎಳೆದು ಕೊಟ್ಟ.

“ನೀವು ಹೇಳೋದು ಸರಿ, ಮೇಷ್ಟ್ರೇ. ಆದರೆ ಜನ ಎಲ್ಲಿದ್ದಾರೋ ಅಲ್ಲಿ ತಾನೆ ನಾವು ಹೇಳಬೇಕು? ನಮ್ಮದೇ ಅಂತ ಇಟ್ಟರೆ ನೋಡೋರು ಯಾರು?”

ಮಾತು ಪೊಳ್ಳಲ್ಲ. ಮ್ಯಾಸ್ಟೊಡಾನಿನಲ್ಲಿ ಇನ್ನೂ ನೆರವಿ ಸಣ್ಣದು. “ಜಾತ್ರೆಗೆ ಹೋಗಬೇಡಿ ಅನ್ನಲಿಲ್ಲಪ್ಪ,” ಎಂದೆ. “ಅಸಲು ಪ್ರತಿ ನಿಮ್ಮ ಅಂಗಳದಲ್ಲಿರಲಿ, ನಕಲು ಜಾತ್ರೆಗೆ ಹೋಗಲಿ. ಈಗ ಅಸಲೇ ಜಾತ್ರೆಯಲ್ಲಿದೆ.”

ಅವನು ಅರ್ಜಿಗೆ ಮೊಹರು ಒತ್ತಿ ಮೇಲಿನವರಿಗೆ ಕಳಿಸುವುದಾಗಿ ಹೇಳಿದ. ಆಮೇಲೆ ಏನನ್ನಿಸಿತೋ, ಆ ವಾರ ನೀರು ಬಿಡುವ ದಿನಗಳನ್ನು ಹಾಳೆಯ ಮೇಲೆ ಬರೆದು ಹೊರಗಿನ ಹಲಗೆಗೆ ಅಂಟಿಸಿ ಬಂದ. ನಾನಿನ್ನೂ ಮೆಟ್ಟಿಲಿಳಿಯುತ್ತಿದ್ದೆ, ಬಿಂದಿಗೆ ಹಿಡಿದ ಹೆಂಗಸೊಬ್ಬರು ಹಲಗೆಯ ಮುಂದೆ ನಿಂತು, “ಶುಕ್ರವಾರ ಅಂತಲೇ ಅಲ್ಲವೇ ಬರೆದಿರೋದು?” ಎಂದು ನನ್ನನ್ನು ಕೇಳಿದರು.