ಎಂ.9, ಎಂಎಂ.106: ಸೇಬಿನ ಬೇರಿಗೆ ನಂಬರು ಬಂದ ಕಥೆ

ಇಪ್ಸ್‌ವಿಚ್‌ನ ಹಿತ್ತಲಿಗೆ ಒಂದು ಸೇಬಿನ ಗಿಡ ತರೋಣ ಅಂತ ಹೊರಟರೆ ಎರಡು ಹೆಸರು ಕೇಳಬೇಕು. ಒಂದು ಹಣ್ಣಿನದು: ಗ್ರ್ಯಾನಿ ಸ್ಮಿತ್, ಪಿಂಕ್ ಲೇಡಿ, ಅನ್ನಾ. ಇನ್ನೊಂದು ಬೇರಿನದು: ಎಂ.9, ಎಂ.26, ಎಂಎಂ.106. ನಮ್ಮ ಕಡೆ ನಾಟಿ ಮಾವಿನ ಗೊರಟೆ ಸಸಿಗೆ ಬಾದಾಮಿ ಕಸಿ ಕಟ್ಟುತ್ತಾರಲ್ಲ, ಅದೇ ವಿದ್ಯೆ. ಕೆಳಗಿನ ಬೇರುಸಸಿಗೆ ಇಲ್ಲಿ ರೂಟ್‌ಸ್ಟಾಕ್ ಅನ್ನುತ್ತಾರೆ. ರುಚಿ, ಬಣ್ಣ ಮೇಲಿನ ಕೊಂಬೆಯದು. ಮರ ಎಷ್ಟೆತ್ತರ ಹೋಗುತ್ತೆ, ಎಷ್ಟು ಬೇಗ ಫಲ ಕೊಡುತ್ತೆ ಅನ್ನೋದು ಬಹುಪಾಲು ಬೇರಿನ ಕೈಯಲ್ಲಿದೆ.

ಹಾಗಾದರೆ ಈ ನಂಬರುಗಳು ಎಲ್ಲಿಂದ ಬಂದವು?

ಕುಳ್ಳ ಸೇಬಿನ ಮರ ಯುರೋಪಿಗೆ ಶತಮಾನಗಳಿಂದ ಗೊತ್ತಿತ್ತು. ನರ್ಸರಿಗಳು ‘ಪ್ಯಾರಡೈಸ್’ ಎಂಬ ಹೆಸರಲ್ಲಿ ಅದರ ಬೇರುಸಸಿ ಮಾರುತ್ತಿದ್ದವು. ಆದರೆ ಒಂದೇ ಹೆಸರಲ್ಲಿ ಹತ್ತಾರು ಗಿಡ, ಒಂದೇ ಗಿಡಕ್ಕೆ ಹಲವು ಹೆಸರು. ಇಂಗ್ಲೆಂಡಿನ ಕೆಂಟ್‌ನಲ್ಲಿ 1913ರಲ್ಲಿ ಈಸ್ಟ್ ಮಾಲಿಂಗ್ ಸಂಶೋಧನಾ ಕೇಂದ್ರ ಶುರುವಾಯಿತು. ಅಲ್ಲಿ ರೊನಾಲ್ಡ್ ಹ್ಯಾಟನ್ ಈ ಸಸಿಗಳನ್ನೆಲ್ಲ ಬೆಳೆಸಿ, ಹೋಲಿಸಿ, ಬೇರ್ಪಡಿಸಿ, ಹಳೆಯ ಹೆಸರಿನ ಬದಲು ನಂಬರು ಕೊಟ್ಟರು. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಡೇಟಾ ಕ್ಲೀನಿಂಗ್. ಆ ನಂಬರು ಗುರುತಷ್ಟೇ, ಎತ್ತರದ ಅಳತೆಯಲ್ಲ: 9 ಕುಳ್ಳ, 16 ಎತ್ತರ, ಮುಂದೆ ಬಂದ 27 ಇನ್ನೂ ಗಿಡ್ಡ.

ಎಂ.9ರ ಮೂಲ ಫ್ರಾನ್ಸಿನದು. 1879ರಲ್ಲಿ ಅಲ್ಲಿ ಸಿಕ್ಕ ಆ ಸಸಿಯ ಹೆಸರು ‘ಜೋನ್ ದ ಮೆತ್ಸ್’. ಇದರ ಮೇಲೆ ಕಸಿ ಕಟ್ಟಿದ ಮರ ಎರಡೂವರೆ–ಮೂರು ಮೀಟರಿಗೆ ನಿಲ್ಲುತ್ತದೆ, ಎರಡು–ಮೂರು ವರ್ಷಕ್ಕೇ ಹಣ್ಣು ಬಿಡುತ್ತದೆ. ಆದರೆ ಬೇರು ಪೆಡಸು. ಆಯುಷ್ಯವಿಡೀ ಊರುಗೋಲು ಬೇಕು, ತಪ್ಪದೆ ನೀರು ಬೇಕು.

ಆಸ್ಟ್ರೇಲಿಯದ ತಲೆನೋವೇ ಬೇರೆ ಇತ್ತು: ಉಣ್ಣೆ ಹೇನು. ನಮ್ಮ ಕಬ್ಬಿಗೆ ಬರುವ ಬಿಳಿ ಉಣ್ಣೆ ಹೇನಿನ ದೂರದ ನೆಂಟ. ಇದು ಕೊಂಬೆಯಷ್ಟೇ ಅಲ್ಲ, ಮಣ್ಣಿಗಿಳಿದು ಬೇರನ್ನೂ ಹೀರಿ ಗಂಟು ಗಂಟಾಗಿಸುತ್ತದೆ. ನ್ಯೂಯಾರ್ಕ್ ಸೀಮೆಯ ನಾರ್ದರ್ನ್ ಸ್ಪೈ ಎಂಬ ಸೇಬು ಇದಕ್ಕೆ ಜಗ್ಗುವುದಿಲ್ಲ. ಹಾಗಾಗಿ 19ನೇ ಶತಮಾನದಲ್ಲೇ ಇಲ್ಲಿನ ನರ್ಸರಿಗಳು ಅದನ್ನೇ ಬೇರಾಗಿ ಬಳಸಿದವು. ಎಂ.9ಕ್ಕೆ ಆ ಶಕ್ತಿ ಇಲ್ಲ.

ಇಪ್ಸ್‌ವಿಚ್‌ನಿಂದ ನೈಋತ್ಯಕ್ಕೆ, ಬೆಟ್ಟ ಹತ್ತಿದರೆ ಸ್ಟ್ಯಾನ್‌ಥಾರ್ಪ್ ಸಿಗುತ್ತದೆ. ಮೊದಲ ಮಹಾಯುದ್ಧ ಮುಗಿಸಿ ಬಂದ ಸೈನಿಕರಿಗೆ ಸರ್ಕಾರ ಅದರ ಸುತ್ತ ಹಣ್ಣಿನ ತೋಟ ಮಾಡಲು ಜಮೀನು ಕೊಟ್ಟಿತು. ಪೊಝಿಯೆರ್ಸ್, ಅಮಿಯೆನ್ಸ್, ಬಪೋಮ್ ಅಂತ ಅಲ್ಲಿನ ಜಾಗಗಳಿಗೆ ಫ್ರಾನ್ಸಿನ ರಣರಂಗಗಳ ಹೆಸರೇ ಉಳಿದಿದೆ. ಎಷ್ಟೋ ಜನ ತೋಟ ಬಿಟ್ಟು ಹೋದರು. ಅದಕ್ಕೆ ಕಾರಣ ಹಲವು. ಆದರೆ ಹಣ್ಣಿನ ತೋಟದ ಕಷ್ಟ ಒಂದುಂಟು: ರಾಗಿ ಕೈಕೊಟ್ಟರೆ ಮುಂದಿನ ಮಳೆಗೆ ಮತ್ತೆ ಬಿತ್ತಬಹುದು, ಬೇರುಸಸಿಯ ಆಯ್ಕೆ ತಪ್ಪಿದ್ದು ಗೊತ್ತಾಗುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ.

ಈಸ್ಟ್ ಮಾಲಿಂಗ್ ಮತ್ತು ಲಂಡನ್ ಬಳಿಯ ಮರ್ಟನ್‌ನಲ್ಲಿದ್ದ ಜಾನ್ ಇನ್ಸ್ ಸಂಸ್ಥೆ ಸೇರಿ ನಾರ್ದರ್ನ್ ಸ್ಪೈಯನ್ನು ಮಾಲಿಂಗ್ ಸಸಿಗಳ ಜೊತೆ ಅಡ್ಡತಳಿ ಮಾಡಿದವು. ಆ ಎಂಎಂ ಸರಣಿ ಹೊರಬಂದದ್ದು 1952ರಲ್ಲಿ. ಎಂಎಂ.106 ಮಧ್ಯಮ ಎತ್ತರ, ಉಣ್ಣೆ ಹೇನಿಗೆ ಬಗ್ಗಲ್ಲ. ಆದರೆ ನೀರು ನಿಂತರೆ ಬುಡ ಕೊಳೆಯುತ್ತದೆ. ಎಂಎಂ.111 ಇನ್ನಷ್ಟು ಎತ್ತರ, ಬರ ತಡೆಯುತ್ತದೆ.

ಇಪ್ಸ್‌ವಿಚ್‌ಗೆ ಬಂದರೆ, ಇನ್ನೊಂದು ಲೆಕ್ಕ ಉಂಟು. ಸ್ಟ್ಯಾನ್‌ಥಾರ್ಪ್ ಸುಮಾರು 800 ಮೀಟರ್ ಎತ್ತರದಲ್ಲಿದೆ, ಅಲ್ಲಿನ ಚಳಿ ಇಲ್ಲಿಲ್ಲ. ಈ ಕೊರತೆಯನ್ನು ಬೇರು ತುಂಬಿಕೊಡಲ್ಲ; ಕಮ್ಮಿ ಚಳಿ ಸಾಕೆನ್ನುವ ಹಣ್ಣಿನ ಜಾತಿಯೇ ಬೇಕು. ಇಸ್ರೇಲಿನ ಅನ್ನಾ, ಅದಕ್ಕೆ ಪರಾಗ ಕೊಡಲು ಬಹಾಮಾಸ್‌ನ ಡಾರ್ಸೆಟ್ ಗೋಲ್ಡನ್ ಅಂಥವು. ಕರ್ನಾಟಕದಲ್ಲೂ ಕೆಲವು ರೈತರು ಬೆಳೆಯುತ್ತಿರುವ, ಹಿಮಾಚಲದ ಹರಿಮನ್ ಶರ್ಮಾ ಅವರ ಎಚ್‌ಆರ್‌ಎಂಎನ್-99 ಕೂಡ ಇದೇ ಗುಂಪಿನದು.

ಮೇಲಿನ ಜಾತಿಯನ್ನು ಚಳಿ ನೋಡಿ ಆರಿಸಿ, ಕೆಳಗಿನ ಬೇರನ್ನು ಮಣ್ಣು, ನೀರು, ಜಾಗ ನೋಡಿ. ಚೀಟಿಯಲ್ಲಿ ಬರೀ ‘ಡ್ವಾರ್ಫ್’ ಅಂತಿದ್ದರೆ ಸುಮ್ಮನೆ ತರಬೇಡಿ, ನಂಬರು ಕೇಳಿ. ನಂಬರಿಲ್ಲದ ‘ಡ್ವಾರ್ಫ್’ ಅಂದರೆ 1913ಕ್ಕೆ ಮುಂಚಿನ ‘ಪ್ಯಾರಡೈಸ್’ ಇದ್ದ ಹಾಗೆ: ಒಳಗೇನಿದೆ ಅನ್ನೋದು ಮರ ಬೆಳೆದ ಮೇಲೇ ಗೊತ್ತಾಗೋದು.