ನಕಲಿನ ಹೊರೆ: ನಂಜನಗೂಡು, ತಿರುಮಕೂಡಲು ನರಸೀಪುರಗಳ ಭೂದಾಖಲೆಗಳನ್ನು ಕುರಿತು

ಚರಿತ್ರಕಾರನಿಗೆ ಪ್ರತಿಗಳು ಹೆಚ್ಚಿದಷ್ಟೂ ಲಾಭ. ಆಡಳಿತಗಾರನಿಗೆ ಅವೇ ಹೊರೆ. ಈ ವಿರೋಧವನ್ನು ಎರಡು ತಾಲ್ಲೂಕುಗಳ ಭೂದಾಖಲೆಗಳ ಮೂಲಕ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ನಂಜನಗೂಡಿನ ಬಳಿ ಕಪಿಲೆಯ ಬಯಲಿನ ಗದ್ದೆಯೊಂದು ಮಾರಾಟವಾಯಿತೆನ್ನೋಣ. ಹಿಂದೆ ಪತ್ರಬರಹಗಾರನು ಕರಡನ್ನು ಛಾಪಾ ಕಾಗದಕ್ಕೆ ಏರಿಸುತ್ತಿದ್ದನು. 1908ರ ನೋಂದಣಿ ಕಾಯಿದೆಯ 52ನೆಯ ಪ್ರಕರಣದಂತೆ ಆ ಪತ್ರವು ಸಬ್ ರಿಜಿಸ್ಟ್ರಾರರ ಪುಸ್ತಕಕ್ಕೆ ನಕಲಾಗಬೇಕು. ಅಲ್ಲಿಂದ 'ಜೆ ಸ್ಲಿಪ್' ಎಂಬ ವರದಿ ತಾಲ್ಲೂಕು ಕಚೇರಿಗೆ; ವರದಿಯಿಂದ ಮ್ಯುಟೇಷನ್ ವಹಿಗೆ; ವಹಿಯಿಂದ ಪಹಣಿಗೆ. ಅದೇ ಸರ್ವೆ ನಂಬರು, ಅದೇ ಹೆಸರು, ಮೂಲಪತ್ರವನ್ನು ಬಿಟ್ಟು ಮತ್ತೆ ನಾಲ್ಕು ಬಾರಿ ಬರೆಯಲ್ಪಡುತ್ತಿದ್ದಿತು. ನಂಜಪ್ಪನು ನಂಜಯ್ಯನಾಗಲು ಒಂದಕ್ಷರ ಸಾಕು. ಸಹಕಾರ ಸಂಘದ ಸಾಲ ನಿಂತುಹೋಗಲು ಅಷ್ಟೇ ಸಾಕು.

ಗಣಕಯಂತ್ರದ ಒಳಗೂ ಇದೇ ಬಗೆಯ ಗುಮಾಸ್ತಗಿರಿ ನಡೆಯುತ್ತಿದ್ದಿತೆಂಬುದು ಕುತೂಹಲಕರ. ಕಡತವೊಂದನ್ನು ಜಾಲಕ್ಕೆ ಕಳುಹಿಸುವ ಸಾಮಾನ್ಯ ಕ್ರಮದಲ್ಲಿ ಅದು ಡಿಸ್ಕಿನಿಂದ ಕರ್ನೆಲ್ಲಿನ ಸ್ಮೃತಿಗೆ, ಅಲ್ಲಿಂದ ಪ್ರೋಗ್ರಾಮಿನ ಸ್ಮೃತಿಗೆ, ಮರಳಿ ಕರ್ನೆಲ್ಲಿಗೆ, ಕಡೆಗೆ ಜಾಲದ ಕಾರ್ಡಿಗೆ, ಹೀಗೆ ನಾಲ್ಕು ಬಾರಿ ನಕಲಾಗುತ್ತದೆ. ನಡುವಣ ಎರಡು ನಕಲುಗಳು ಪ್ರೊಸೆಸರಿನ ದುಡಿಮೆ. ಪ್ರೋಗ್ರಾಮಾದರೋ ಆ ಬರಹವನ್ನು ಓದುವುದೂ ಇಲ್ಲ. 1999ರ ಲಿನಕ್ಸ್ 2.2ರಲ್ಲಿ ಬಂದ 'ಸೆಂಡ್‌ಫೈಲ್' ಎಂಬ ಸೌಕರ್ಯವು ಈ ಸುತ್ತುದಾರಿಯನ್ನು ತಪ್ಪಿಸಿತು. 2001ರ 2.4ರ ಸರಣಿಯಲ್ಲಿ, ಕಾರ್ಡು ತಕ್ಕುದಾಗಿದ್ದರೆ, ದತ್ತಾಂಶ ಎಲ್ಲಿದೆ, ಎಷ್ಟಿದೆ ಎಂಬ ಒಕ್ಕಣೆಯನ್ನಷ್ಟೇ ಮುಂದಕ್ಕೆ ದಾಟಿಸಲಾಯಿತು. ಪ್ರೊಸೆಸರಿಗೆ ನಕಲಿನ ಕೆಲಸವೇ ಉಳಿಯಲಿಲ್ಲ.

ಸರಿಸುಮಾರು ಅದೇ ಕಾಲದಲ್ಲಿ ಕರ್ನಾಟಕದ 'ಭೂಮಿ' ಯೋಜನೆಯು ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. 2003ರಲ್ಲಿ ರಾಜ್ಯವ್ಯಾಪಿಯಾದ 'ಕಾವೇರಿ'ಯಿಂದ ನೋಂದಣಿ ಪತ್ರಗಳು ಸ್ಕ್ಯಾನ್ ಆಗತೊಡಗಿದವು. ಮುಂದೆ ಎರಡನ್ನೂ ಜೋಡಿಸಿದ್ದರಿಂದ ಮಾರಾಟದ ವಿವರವು ಕಾಗದದ ನೆರವಿಲ್ಲದೆ ತಾಲ್ಲೂಕು ಕಚೇರಿಯನ್ನು ಸೇರತೊಡಗಿತು. ರೈತನಿಗೆ ಇದರಿಂದಾದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ.

ಆದರೆ ನಕಲನ್ನು ಉಳಿಸುವುದಕ್ಕೂ ಬೆಲೆಯುಂಟು. ಯಂತ್ರದಲ್ಲಿ, ಸಾಗಣೆ ಮುಗಿಯುವವರೆಗೆ ಮೂಲವನ್ನು ತಿದ್ದಕೂಡದು. ತಿದ್ದಿದರೆ ಹೊರಟ ಬರಹವೇ ಕೆಟ್ಟೀತು. ಭೂದಾಖಲೆಯಲ್ಲಿ, ಗಣಕಕ್ಕೆ ಏರಿಸುವಾಗಲೇ ನುಸುಳಿದ ತಪ್ಪು ಎಲ್ಲೆಡೆಯೂ ಒಂದೇ ರೂಪದಲ್ಲಿ ಕಾಣಿಸಿಕೊಳ್ಳುವುದರಿಂದ, ಅದನ್ನು ಹಿಡಿಯಲು ಬೇರೊಂದು ಕೈಬರಹದ ಸಾಕ್ಷ್ಯವಿರದು. ಶಾಸನಗಳ ವಿಷಯದಲ್ಲಿ ನಾವು ಹೆಚ್ಚು ಅದೃಷ್ಟವಂತರು. ಈ ಎರಡು ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1894ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 3ನೆಯ ಸಂಪುಟದಲ್ಲಿ ಪ್ರಕಟಿಸಿದರು. 1970ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಪರಿಷ್ಕೃತ ಆವೃತ್ತಿಗೆ ಕೈಹಾಕಿದಾಗ, ಸೋಮನಾಥಪುರದ ಕಲ್ಲು ಸ್ವಸ್ಥಾನದಲ್ಲಿಯೇ ಇದ್ದಿತು. ಕೈಬರಹದ ಪಹಣಿಗಳ ಮೂಲವೆಂದರೆ ತಾಲ್ಲೂಕು ಕಚೇರಿಗಳ ಅಭಿಲೇಖಾಲಯದಲ್ಲಿರುವ ಹಳೆಯ ವಹಿಗಳು. ಅವುಗಳನ್ನು ವ್ಯರ್ಥ ಪ್ರತಿಗಳೆಂದು ಎಣಿಸುವುದು ನಮಗೆ ಒಪ್ಪಿಗೆಯಿಲ್ಲ. ಜಮೀನಿನ ವ್ಯಾಜ್ಯ ಹೂಡಿದವರು ಇಂದಿಗೂ ಮೊದಲು ಕೇಳುವುದು ಅವುಗಳ ದೃಢೀಕೃತ ನಕಲನ್ನೇ.