ಪ್ರದರ್ಶನದ ಕಣಕ್ಕೆ ಇಳಿಯದ ಮಲೆನಾಡು ಗಿಡ್ಡ

ಸಕ್ರೆಬೈಲಿಗೆ ಬರುವವರೆಲ್ಲ ಆನೆ ನೋಡಲು ಬರುತ್ತಾರೆ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 14 ಕಿಲೋಮೀಟರ್ ಬಂದರೆ ಗಾಜನೂರು ಅಣೆಕಟ್ಟೆಯ ಹಿನ್ನೀರು. ಬೆಳಗ್ಗೆ ಅಲ್ಲಿ ಆನೆಗಳ ಸ್ನಾನ, ಜನರ ಕೈಯಲ್ಲಿ ಮೊಬೈಲು. ಅದೇ ರಸ್ತೆ ದಾಟಿ ಮೇಯಲು ಹೋಗುವ ಸಣ್ಣ ದನಗಳ ಫೋಟೊ ಮಾತ್ರ ಯಾರೂ ತೆಗೆಯುವುದಿಲ್ಲ. ಅವೇ ಮಲೆನಾಡು ಗಿಡ್ಡ.

ಎತ್ತರ ಮೂರು ಅಡಿಯ ಆಸುಪಾಸು. ಹಸುವಿನ ತೂಕ 80ರಿಂದ 120 ಕೆ.ಜಿ. ಹಾಲು ದಿನಕ್ಕೆ ಒಂದೆರಡು ಲೀಟರ್. ಹಿಂಡಿ, ಬೂಸಾ ಕೇಳುವುದಿಲ್ಲ. ಜಡಿಮಳೆಯಲ್ಲೂ ಗುಡ್ಡ ಹತ್ತಿ ಮೇಯ್ದು ಸಂಜೆ ತಾನೇ ಕೊಟ್ಟಿಗೆಗೆ ಬರುತ್ತದೆ. ನಮ್ಮ ಅಡಿಕೆ ತೋಟ, ಗದ್ದೆಗಳಿಗೆ ತಲೆಮಾರುಗಳಿಂದ ಗೊಬ್ಬರ ಕೊಟ್ಟದ್ದು ಇದೇ. ಆದರೂ ನಮಗಿದು ಬರೀ 'ಊರ ದನ'. ತಳಿ ಎಂದು ಯಾರೂ ಕರೆದಿರಲಿಲ್ಲ.

ಭದ್ರಾವತಿಯಿಂದ ತರೀಕೆರೆ ದಾಟಿ ಅಜ್ಜಂಪುರಕ್ಕೆ ಹೋದರೆ ಕಥೆಯೇ ಬೇರೆ. ಅಲ್ಲಿಯದು ಅಮೃತ ಮಹಲ್. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673–1704) 'ಬೆಣ್ಣೆ ಚಾವಡಿ' ಎಂಬ ಇಲಾಖೆಯೇ ಈ ದನಗಳನ್ನು ನೋಡಿಕೊಳ್ಳುತ್ತಿತ್ತು. ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಫಿರಂಗಿ ಎಳೆಯುವ ಎತ್ತುಗಳಿಗಾಗಿ ಕಾವಲುಗಳನ್ನು ಮೀಸಲಿಡಲಾಗಿತ್ತು. 1799ರಲ್ಲಿ ಹಿಂಡು ಬ್ರಿಟಿಷರ ಕೈಸೇರಿತು. 1860ರಲ್ಲಿ ಖರ್ಚು ಉಳಿಸಲು ಇಲಾಖೆಯನ್ನೇ ಮುಚ್ಚಿದರು. ಸೈನ್ಯಕ್ಕೆ ಒಳ್ಳೆಯ ಎತ್ತು ಸಿಗದಾದಾಗ ಕೆಲವೇ ವರ್ಷಗಳಲ್ಲಿ ಮತ್ತೆ ಕಟ್ಟಿದರು. 1929ರಲ್ಲಿ ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ ಶುರುವಾಯಿತು. ಇಂದಿಗೂ ಅಲ್ಲಿಯ ಹೋರಿಕರುಗಳ ಹರಾಜಿಗೆ ದೂರದೂರದ ರೈತರು ಬರುತ್ತಾರೆ.

ರಾಜನಿಗೆ ಬೇಕಿದ್ದ ದನಕ್ಕೆ ಲೆಕ್ಕ ಇತ್ತು, ಕಾವಲು ಇತ್ತು, ಹೆಸರು ಇತ್ತು. ಬಡವರ ಕೊಟ್ಟಿಗೆಯ ದನಕ್ಕೆ ಯಾವುದೂ ಇರಲಿಲ್ಲ.

ಜಾತ್ರೆಗಳಲ್ಲೂ ಹೀಗೆಯೇ. 'ಉತ್ತಮ ರಾಸು' ಬಹುಮಾನ ಸಿಗುವುದು ಎತ್ತರ, ಕೊಂಬು, ಮೈಕಟ್ಟು ನೋಡಿ. ಹಳ್ಳಿಯಲ್ಲಿ ಕರು ಪ್ರದರ್ಶನ ಎಂದರೆ ಬಹಳ ಸಲ ಮಿಶ್ರತಳಿ ಕರುಗಳದ್ದು. ಹಾಲು ಕರೆಯುವ ಸ್ಪರ್ಧೆಯಲ್ಲಿ ಗೆಲುವು ಲೀಟರಿಗೆ. ಈ ಮೂರರಲ್ಲೂ ಗಿಡ್ಡ ಕಣಕ್ಕೆ ಇಳಿಯುವ ಮೊದಲೇ ಸೋತಿರುತ್ತದೆ.

ಗಿಡ್ಡ ಪ್ರಾಣಿ ಗೆಲ್ಲಲು ಸಾಧ್ಯವೇ ಇಲ್ಲವೇ? ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳ ಕುದುರೆ ಕಥೆ ಕೇಳಿ. ಅದೂ ಬಡ ರೈತರ ಪ್ರಾಣಿ, ಪುಟ್ಟ ತಟ್ಟು. 1842ರ ಕಾನೂನು ಬ್ರಿಟನ್ನಿನ ಗಣಿಗಳ ಒಳಗೆ ಹೆಂಗಸರು ಮತ್ತು ಸಣ್ಣ ಹುಡುಗರ ದುಡಿಮೆ ನಿಷೇಧಿಸಿದ ಮೇಲೆ ಕಲ್ಲಿದ್ದಲು ಗಾಡಿ ಎಳೆಯಲು ಈ ತಟ್ಟುಗಳಿಗೆ ಬೇಡಿಕೆ ಬಂತು. ಒಳ್ಳೊಳ್ಳೆಯ ಗಂಡು ಕುದುರೆಗಳು ಗಣಿ ಸೇರಿ ತಳಿ ಸೊರಗಿತು. 1890ರಲ್ಲಿ ಸಾಕುವವರು ಸಂಘ ಕಟ್ಟಿ ವಂಶಾವಳಿ ಪುಸ್ತಕ ಶುರುಮಾಡಿದರು. ಪ್ರದರ್ಶನದಲ್ಲಿ ಅದಕ್ಕೆ ಪ್ರತ್ಯೇಕ ವಿಭಾಗ ಉಂಟು. ಅಲ್ಲಿ 42 ಇಂಚಿಗಿಂತ ಎತ್ತರವಿದ್ದರೆ ಪ್ರವೇಶವೇ ಇಲ್ಲ! ಗಿಡ್ಡಾಗಿರುವುದೇ ಅಲ್ಲಿ ಅರ್ಹತೆ.

ನಮ್ಮ ಗಿಡ್ಡಕ್ಕೆ ರಾಷ್ಟ್ರೀಯ ಮಟ್ಟದಲ್ಲಿ ತಳಿಯೆಂಬ ನೋಂದಣಿ ಸಿಕ್ಕಿದ್ದು 2012ರಲ್ಲಿ. ಅಷ್ಟರಲ್ಲಿ ಎಷ್ಟೋ ಕೊಟ್ಟಿಗೆ ಖಾಲಿಯಾಗಿದ್ದವು. ಹಾಲಿನ ಆಸೆಗೆ ಮಿಶ್ರತಳಿ ಬಂತು. ಮೇಯುತ್ತಿದ್ದ ಗುಡ್ಡಗಳಲ್ಲಿ ಭದ್ರಾವತಿಯ ಕಾಗದ ಕಾರ್ಖಾನೆಗಾಗಿ ಅಕೇಶಿಯಾ ನೆಡುತೋಪು ಎದ್ದಿತು. ದನ ಹೊಡೆದುಕೊಂಡು ಹೋಗುವವರೂ ಇಲ್ಲವಾದರು.

ಹಾಗಾಗಿ ನಾವು ಕೇಳುವುದು ಇಷ್ಟೇ. ನಿಮ್ಮೂರ ಜಾತ್ರೆಯಲ್ಲಿ, ಕೃಷಿ ಮೇಳದಲ್ಲಿ ಗಿಡ್ಡಕ್ಕೇ ಒಂದು ವಿಭಾಗ ಇಡಿಸಿ. ಅಂಕ ಕೊಡುವಾಗ ಕಾಲಿನ ಗಟ್ಟಿತನ ನೋಡಿ, ಎಷ್ಟು ಕರು ಹಾಕಿದೆ ಕೇಳಿ, ಮೇವಿಗೆ ಎಷ್ಟು ದುಡ್ಡು ಕೊಟ್ಟಿರಿ ಎಂದು ಕೇಳಿ. ಒಂದು ಎಚ್ಚರವೂ ಬೇಕು: ಆಂಧ್ರದ ಪುಂಗನೂರು ಹಸುವನ್ನು ಈಗ ಗೊಂಬೆಯಂತೆ ಮನೆಯೊಳಗೆ ಸಾಕಲು ಕೊಳ್ಳುವವರಿದ್ದಾರೆ. ಗಿಡ್ಡ ಗೊಂಬೆಯಾಗುವುದು ಬೇಡ. ಅದು ಗುಡ್ಡ ಹತ್ತುವ ದನವಾಗಿಯೇ ಗೆಲ್ಲಲಿ.

ನಿಮ್ಮ ಕೊಟ್ಟಿಗೆಯಲ್ಲಿ ಒಂದಾದರೂ ಉಳಿದಿದ್ದರೆ, ಮಾರುವ ಮೊದಲು ಒಮ್ಮೆ ಯೋಚಿಸಿ.